ಬಿಳಿ ರೇಷ್ಮೆಗೆ ಬಣ್ಣ ಬಂದದ್ದು ಎಲ್ಲಿಂದ?

ಅಗಲವಾದ ಬಟ್ಟೆಯೊಂದು ಸುರುಳಿ ಸುರುಳಿಯಾಗಿ ಮೇಲೇಳುತ್ತದೆ, ಚಿಟ್ಟೆಯ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ. ನೋಡನೋಡುತ್ತಿದ್ದಂತೆ ಹಳದಿ ಕೆಂಪಾಗುತ್ತದೆ, ಕೆಂಪು ಹಸಿರಾಗುತ್ತದೆ. ಅಡಿಯಲ್ಲಿ ‘ಲೋಯಿ ಫುಲ್ಲರ್, 1896’ ಎಂಬ ಬರಹ. ಒಂದು ನಿಮಿಷವೂ ಇಲ್ಲದ ಈ ವಿಡಿಯೊ ವರ್ಷಗಳಿಂದ ಫೋನಿನಿಂದ ಫೋನಿಗೆ ದಾಟುತ್ತಲೇ ಇದೆ. ಈಚೆಗೆ ಅದರ ಜೊತೆಗೆ ಇನ್ನೂ ಎರಡು ಬಗೆ ಸೇರಿಕೊಂಡಿವೆ. ಒಂದು, ಅಮೆರಿಕದ ನರ್ತಕಿ ಫುಲ್ಲರ್ ಅವರ ಕಪ್ಪು ಬಿಳುಪು ಫೋಟೊಗಳಿಗೆ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರಿನಿಂದ ಬಣ್ಣ ಹಚ್ಚಿದ ಪ್ರತಿಗಳು. ಇನ್ನೊಂದು, ಅದೇ ಫೋಟೊಗಳನ್ನು ‘ಕುಣಿಸಿ’ ಮಾಡಿದ ತುಣುಕುಗಳು.

ನೋಡಿದವರಿಗೆ ತಲೆ ಕೆಡುವುದು ಸಹಜ. ಒಂದು ವಸ್ತುಸಂಗ್ರಹಾಲಯ ಉಚಿತವಾಗಿ ಕೊಡುವ ಫೋಟೊಗೇ ಮತ್ತೊಂದು ಚಿತ್ರ ಮಾರಾಟ ಸಂಸ್ಥೆ ದರಪಟ್ಟಿ ಹಾಕಿರುತ್ತದೆ. ನೂರು ವರ್ಷ ದಾಟಿದ ಮೇಲೆ ಯಾರು ಬೇಕಾದರೂ ಬಳಸಬಹುದು ಎನ್ನುವವರಿದ್ದಾರೆ. ಫೋಟೊ ಇಟ್ಟುಕೊಂಡವರ ಅನುಮತಿ ಬೇಕೇ ಬೇಕು ಎನ್ನುವವರೂ ಇದ್ದಾರೆ. ಇಲ್ಲಿ ಬೇರೆ ಬೇರೆಯಾದ ಮೂರು ಪ್ರಶ್ನೆಗಳು ಕಲಸಿಹೋಗಿವೆ: ಫೋಟೊದ ಹಕ್ಕು ಯಾರದು, ಫೋಟೊದಲ್ಲಿರುವವರು ಯಾರು, ಫೋಟೊ ತೋರಿಸುತ್ತಿರುವುದು ಎಷ್ಟು ನಿಜ. ಮೊದಲನೆಯದಕ್ಕೆ ಕಾನೂನು ಬಹುಮಟ್ಟಿಗೆ ಉತ್ತರ ಕೊಟ್ಟಾಗಿದೆ. ಕಷ್ಟವಿರುವುದು ಉಳಿದೆರಡರಲ್ಲಿ.

ಬಟ್ಟೆಯೇ ಪರದೆ

ಲೋಯಿ ಫುಲ್ಲರ್ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ನಾಟಕಗಳಲ್ಲಿ ಪಾತ್ರ ಮಾಡುತ್ತ ಬೆಳೆದವರು, ಬ್ಯಾಲೆ ಶಾಲೆಯಿಂದ ಬಂದವರಲ್ಲ. 1892ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಫೋಲಿ ಬೆರ್ಜೇರ್ ರಂಗಮಂದಿರದಲ್ಲಿ ಆಕೆ ತೋರಿಸಿದ ನೃತ್ಯ ಯುರೋಪಿನ ಕಣ್ಣು ತೆರೆಸಿತು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆಕೆಗೆಂದೇ ಒಂದು ರಂಗಮಂದಿರವಿತ್ತು. ಇಸಡೋರಾ ಡಂಕನ್ 1902ರಲ್ಲಿ ಯುರೋಪ್ ಪ್ರವಾಸ ಹೊರಟದ್ದು ಫುಲ್ಲರ್ ತಂಡದ ಜೊತೆಯಲ್ಲೇ. ಆಧುನಿಕ ನೃತ್ಯದ ಮೊದಲ ತಲೆಮಾರಿನ ಹೆಸರು ಹೇಳುವಾಗ ಫುಲ್ಲರ್ ಹೆಸರು ಮೊದಲ ಸಾಲಿನಲ್ಲಿ ಬರುವುದು ಈ ಕಾರಣಕ್ಕೆ.

ಆಕೆಯ ತಂತ್ರ ಹೀಗಿತ್ತು. ಮೀಟರುಗಟ್ಟಲೆ ತೆಳುವಾದ ಬಿಳಿ ರೇಷ್ಮೆ, ಅದರೊಳಗೆ ಎರಡು ಕೋಲು. ಕೋಲಿನ ಹಿಡಿ ಮುಷ್ಟಿಯಲ್ಲಿ, ತುದಿ ಬಟ್ಟೆಯ ಒಳಗೆ. ಮಣಿಕಟ್ಟಿನ ಸಣ್ಣ ತಿರುವು ಕೋಲಿನ ತುದಿಗೆ ಹೋಗುವಷ್ಟರಲ್ಲಿ ದೊಡ್ಡ ವೃತ್ತವಾಗುತ್ತದೆ. ಆ ವೃತ್ತ ರೇಷ್ಮೆಯಲ್ಲಿ ಅಲೆಯಾಗುತ್ತದೆ. ಈ ಉಡುಪಿಗೆ ಆಕೆ 1894ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು. ರಂಗದ ಹಿಂಬದಿಗೆ ಕಪ್ಪು ಪರದೆ, ಪ್ರೇಕ್ಷಕರ ಕಡೆ ಕತ್ತಲು. ವಿದ್ಯುತ್ ಆರ್ಕ್ ದೀಪಗಳ ಮುಂದೆ ಬಣ್ಣದ ಗಾಜು ತಿರುಗಿಸಲು ತರಬೇತಾದ ಸಿಬ್ಬಂದಿ. ನೆಲದಲ್ಲಿ ಗಾಜು ಕೂರಿಸಿ ಕೆಳಗಿನಿಂದಲೂ ಬೆಳಕು ಹಾಯಿಸುತ್ತಿದ್ದರು.

ಮುಂದಿನ ಮಾತೆಲ್ಲ ನಿಂತಿರುವುದು ಇದರ ಮೇಲೆ: ಬಟ್ಟೆ ಬಿಳಿ, ಬಣ್ಣ ಬೆಳಕಿನದು. ಬಟ್ಟೆ ಬಿಳಿಯಾಗಿದ್ದರಿಂದಲೇ ಅದು ಸಿನಿಮಾ ಪರದೆಯ ಹಾಗೆ ಯಾವ ಬಣ್ಣವನ್ನು ಬೇಕಾದರೂ ಹಿಡಿಯಬಲ್ಲದಾಗಿತ್ತು.

ರಂಗದ ಮೇಲಿನ ಫೋಟೊ ಏಕಿಲ್ಲ

ಫುಲ್ಲರ್ ಅವರ ಹೆಸರಾಂತ ಫೋಟೊಗಳು ಪ್ರದರ್ಶನದ ಹೊತ್ತಿನಲ್ಲಿ ತೆಗೆದವಲ್ಲ. ತೆಗೆಯಲು ಆಗುತ್ತಲೇ ಇರಲಿಲ್ಲ.

ಅಂದು ಫಿಲ್ಮಿನಂತೆ ಬಳಸುತ್ತಿದ್ದ ಗಾಜಿನ ಪ್ಲೇಟುಗಳು ಬೆಳಕು ಹೀರುವುದರಲ್ಲಿ ಬಹಳ ನಿಧಾನ. ಫಿಲ್ಮಿನ ವೇಗ ಹೇಳುವ ಇಂದಿನ ಅಳತೆಯಲ್ಲಿ ಹೇಳುವುದಾದರೆ ಐಎಸ್‌ಒ 10ರಿಂದ 25ರ ಆಸುಪಾಸು. ಲೆಕ್ಕಕ್ಕೆ 16 ಎಂದಿಟ್ಟುಕೊಳ್ಳೋಣ. ಒಳ್ಳೆಯ ಬಿಸಿಲಿನಲ್ಲಿ, ಎಫ್/5.6ರಷ್ಟು ತೆರೆದ ಲೆನ್ಸಿಗೆ ಸೆಕೆಂಡಿನ ನೂರಿಪ್ಪತ್ತೈದರಲ್ಲಿ ಒಂದು ಪಾಲು ಸಾಕಾಗುತ್ತದೆ. ಹಾರುವ ಬಟ್ಟೆ ಅಷ್ಟರಲ್ಲಿ ಹೆಚ್ಚೇನೂ ಸರಿಯುವುದಿಲ್ಲ, ಅಂಚು ಚೂಪಾಗಿ ಸಿಗುತ್ತದೆ. ಅದೇ ರಂಗದ ಮೇಲೆ ಬೆಳಕು ಬಿಸಿಲಿನ ನೂರರಲ್ಲೊಂದು ಪಾಲಿದ್ದರೆ ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಒಂದು ಸೆಕೆಂಡಿನಲ್ಲಿ ಕೋಲಿನ ತುದಿ ಒಂದು ಸುತ್ತನ್ನೇ ಮುಗಿಸಿರುತ್ತದೆ. ಪ್ಲೇಟಿನ ಮೇಲೆ ಉಳಿಯುವುದು ಮಂಜಿನಂಥ ಬಿಳಿ ಕಲೆ. ಬಣ್ಣದ ಗಾಜು ಅಡ್ಡ ಬಂದರೆ ಅದೂ ಇಲ್ಲ, ಏಕೆಂದರೆ ಆ ಪ್ಲೇಟುಗಳು ಕೆಂಪು ಬೆಳಕಿಗೆ ಬಹುತೇಕ ಕುರುಡು.

ಹೀಗಾಗಿ ಇದ್ದ ದಾರಿ ಎರಡೇ. ಒಂದು ಸ್ಟುಡಿಯೊ: ಐಸಾಯಾ ವೆಸ್ಟ್ ಟೇಬರ್ 1897ರ ಸುಮಾರಿಗೆ ತೆಗೆದವು, ಫ್ರೆಡರಿಕ್ ಗ್ಲೇಸಿಯರ್ 1902ರಲ್ಲಿ ತೆಗೆದದ್ದು ಈ ಬಗೆಯವು. ಇನ್ನೊಂದು ಬಯಲು: ಲಂಡನ್ನಿನ ಸ್ಯಾಮ್ಯುಯೆಲ್ ಜೋಶುವಾ ಬೆಕೆಟ್ 1900ರ ಸುಮಾರಿಗೆ ತೆಗೆದ ಸರಣಿ. ಬೆಕೆಟ್ ಫೋಟೊಗಳನ್ನು ದೊಡ್ಡದು ಮಾಡಿ ನೋಡಬೇಕು. ಕಾಲಡಿಗೆ ಹುಲ್ಲು, ಹಿಂದೆ ಗಿಡಮರ. ಮುಖಕ್ಕಿಂತ ಎಷ್ಟೋ ಎತ್ತರಕ್ಕೆ ಎದ್ದು ನಿಂತ ಬಟ್ಟೆ, ಅದರ ಮಡಿಕೆಗಳ ಮೇಲೆ ಸೀದಾ ಬಿದ್ದ ಹಗಲ ಬೆಳಕು. ರಂಗದ ಕತ್ತಲಿಲ್ಲ, ಬಣ್ಣದ ದೀಪವಿಲ್ಲ, ಗಾಜಿನ ನೆಲವಿಲ್ಲ. ನೃತ್ಯದ ಅರ್ಧ ಮಾತ್ರ ಇಲ್ಲಿದೆ: ದೇಹ ಮತ್ತು ಬಟ್ಟೆ. ಬೆಳಕು ಎಂಬ ಇನ್ನರ್ಧವನ್ನು ಯಾವ ಪ್ಲೇಟೂ ಹಿಡಿದಿಲ್ಲ.

ಹೆಸರು ತಪ್ಪಿದ್ದು 1892ರಲ್ಲೇ

ಆರಂಭದಲ್ಲಿ ಹೇಳಿದ ವಿಡಿಯೊದಲ್ಲಿ ಕುಣಿಯುತ್ತಿರುವವರು ಫುಲ್ಲರ್ ಅಲ್ಲ. ಈ ತಪ್ಪು ಹೆಸರಿಗೆ ಇಂದಿನ ಜಾಲತಾಣಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅದರ ಬೇರು ನ್ಯೂಯಾರ್ಕಿನ ಒಂದು ನ್ಯಾಯಾಲಯದಲ್ಲಿದೆ. ತಮ್ಮ ‘ಸರ್ಪೆಂಟೈನ್’ ನೃತ್ಯವನ್ನು ಮಿನ್ನಿ ಬೆಮಿಸ್ ಎಂಬ ನರ್ತಕಿ ನಕಲು ಮಾಡುತ್ತಿದ್ದಾರೆ, ತಡೆಯಬೇಕು ಎಂದು ಫುಲ್ಲರ್ 1892ರಲ್ಲಿ ದಾವೆ ಹೂಡಿದರು. ಕಥೆಯನ್ನು ಹೇಳದ, ಪಾತ್ರವನ್ನು ಚಿತ್ರಿಸದ, ಬರೀ ಚಲನೆಯ ಸೊಬಗನ್ನು ತೋರಿಸುವ ನೃತ್ಯ ‘ನಾಟಕ ಕೃತಿ’ ಆಗುವುದಿಲ್ಲ, ಹಾಗಾಗಿ ಅದಕ್ಕೆ ಕಾಪಿರೈಟ್ ರಕ್ಷಣೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಕಥೆಯಿಲ್ಲದ ಚಲನೆಯೇ ಆಧುನಿಕ ನೃತ್ಯದ ಜೀವಾಳ. ಯಾವುದು ಹೊಸದಾಗಿತ್ತೋ ಅದಕ್ಕೇ ರಕ್ಷಣೆ ತಪ್ಪಿತು. ಇದು ಫುಲ್ಲರ್ ಅವರಿಗೆ ಆದ ದೊಡ್ಡ ಅನ್ಯಾಯ.

ತಡೆ ಇಲ್ಲದಾದ ಮೇಲೆ ಅನುಕರಣೆ ಮಾಡುವವರು ಎಲ್ಲೆಡೆ ಹುಟ್ಟಿಕೊಂಡರು. ಫುಲ್ಲರ್ ಪ್ಯಾರಿಸ್ ತಲುಪುವ ಹೊತ್ತಿಗೆ ಫೋಲಿ ಬೆರ್ಜೇರ್‌ನಲ್ಲೇ ಒಬ್ಬ ನಕಲು ನರ್ತಕಿ ಕುಣಿಯುತ್ತಿದ್ದರು. ಅಷ್ಟರಲ್ಲಿ ಸಿನಿಮಾ ಬಂತು. ಚಲಿಸುವುದನ್ನು ತೋರಿಸಬೇಕಾದ ಹೊಸ ಯಂತ್ರಕ್ಕೆ ಹಾರುವ ಬಟ್ಟೆಗಿಂತ ಒಳ್ಳೆಯ ವಸ್ತು ಬೇಕೆ? ಎಡಿಸನ್ ಸ್ಟುಡಿಯೊ 1894ರಿಂದ ಆ್ಯನಬೆಲ್ ವಿಟ್‌ಫರ್ಡ್ ಎಂಬ ಹದಿಹರೆಯದ ನರ್ತಕಿಯನ್ನು ಚಿತ್ರೀಕರಿಸಿತು. ಫ್ರಾನ್ಸಿನ ಲ್ಯೂಮಿಯೇರ್ ಸೋದರರ ಕಂಪನಿಯೂ ಇನ್ನೊಬ್ಬ ನರ್ತಕಿಯಿಂದ ಅದೇ ನೃತ್ಯ ಮಾಡಿಸಿತು. ಫೋನುಗಳಲ್ಲಿ ಓಡಾಡುತ್ತಿರುವುದು ಮುಖ್ಯವಾಗಿ ಈ ಲ್ಯೂಮಿಯೇರ್ ತುಣುಕು. 1905ರಲ್ಲಿ ಪಾಥೇ ಕಂಪನಿ ತೆಗೆದ ಒಂದು ಚಿತ್ರಕ್ಕಂತೂ ‘ಲೋಯಿ ಫುಲ್ಲರ್’ ಎಂದೇ ಹೆಸರಿಟ್ಟರು; ಅದರಲ್ಲಿ ಕುಣಿಯುವುದು ಆಕೆಯೇ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನೃತ್ಯದ ಹೆಸರು ಪ್ರಸಿದ್ಧ, ಕುಣಿದವರ ಹೆಸರು ಅಪ್ರಸಿದ್ಧ. ಅಡಿಬರಹ ಬರೆಯುವವರು ಗೊತ್ತಿದ್ದ ಹೆಸರನ್ನು ಗೊತ್ತಿಲ್ಲದ ಮುಖಕ್ಕೆ ಅಂಟಿಸುತ್ತ ಹೋದರು.

ಈ ತುಣುಕಿನ ಬಣ್ಣದ ವಿಷಯದಲ್ಲಿ ಮತ್ತೊಂದು ತಪ್ಪು ತಿಳಿವಳಿಕೆ ಇದೆ. ಅದು ಕಂಪ್ಯೂಟರ್ ಹಚ್ಚಿದ ಬಣ್ಣ ಎಂದು ಹಲವರು ಭಾವಿಸುತ್ತಾರೆ. ಅಲ್ಲ. ಅಂದಿನ ಕಾಲದಲ್ಲೇ ಸಣ್ಣ ಕುಂಚ ಹಿಡಿದು ಫಿಲ್ಮಿನ ಒಂದೊಂದೇ ಚೌಕಕ್ಕೆ ಹಚ್ಚಿದ ಬಣ್ಣ. ಸುಮಾರು 50 ಸೆಕೆಂಡಿನ ಚಿತ್ರ, ಸೆಕೆಂಡಿಗೆ 16ರ ಲೆಕ್ಕದಲ್ಲಿ 800ರಷ್ಟು ಚೌಕಗಳು, ಒಂದೊಂದೂ ಅಂಚೆಚೀಟಿಯಷ್ಟು ಚಿಕ್ಕದು. ಹಚ್ಚಿದವರಿಗೆ ಉದ್ದೇಶ ಸ್ಪಷ್ಟವಾಗಿತ್ತು: ರಂಗದ ದೀಪಗಳು ಬಟ್ಟೆಯ ಮೇಲೆ ಮಾಡುತ್ತಿದ್ದುದನ್ನು ತೋರಿಸುವುದು. ಹಾಗಾಗಿ ಆ ಬಣ್ಣ ಆ ಕಾಲದ ಸಾಕ್ಷಿಯೇ. ಪರಿಸ್ಥಿತಿ ಈಗ ಹೀಗಾಗಿದೆ: ಬಣ್ಣ ನಿಜವಿರುವ ಕಡೆ ಹೆಸರು ಸುಳ್ಳು, ಹೆಸರು ನಿಜವಿರುವ ಕಡೆ ಬಣ್ಣ ಸುಳ್ಳು.

ಹಕ್ಕಿನ ಲೆಕ್ಕ

ಒಂದು ಹಳೆಯ ನೃತ್ಯದ ಫೋಟೊದಲ್ಲಿ ಹಕ್ಕಿನ ಪದರಗಳು ಹಲವು. ಬಿಡಿಸಿ ನೋಡಿದರೆ ಗೊಂದಲ ಕರಗುತ್ತದೆ.

ನೃತ್ಯದ ಮಾತು ಮೇಲೆಯೇ ಮುಗಿಯಿತು. ಫೋಟೊದ ಹಕ್ಕು ಮೂಲತಃ ತೆಗೆದವರದು, ಅದರಲ್ಲಿ ಕಾಣಿಸಿಕೊಂಡವರದಲ್ಲ. ಭಾರತದಲ್ಲಿ ಮೊದಲು ಫೋಟೊಗೆ ಪ್ರಕಟಣೆಯಿಂದ 60 ವರ್ಷ ಎಂಬ ಪ್ರತ್ಯೇಕ ನಿಯಮವಿತ್ತು. 2012ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿ, ಉಳಿದ ಕಲಾಕೃತಿಗಳಂತೆ ತೆಗೆದವರ ಮರಣಾನಂತರ 60 ವರ್ಷ ಎಂದು ಮಾಡಿದರು. ಟೇಬರ್ ತೀರಿಕೊಂಡದ್ದು 1912ರಲ್ಲಿ, ಬೆಕೆಟ್ 1940ರಲ್ಲಿ, ಗ್ಲೇಸಿಯರ್ 1950ರಲ್ಲಿ. ಮೂವರದೂ ಅವಧಿ ಮುಗಿದಿದೆ. ಗ್ಲೇಸಿಯರ್‌ದು ಕೊನೆಯದಾಗಿ 2010ರ ಅಂತ್ಯಕ್ಕೆ. ಅಮೆರಿಕದಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕ. 1930ರಲ್ಲಿ ಪ್ರಕಟವಾದವು 2026ರ ಜನವರಿ 1ರಂದು ಬಿಡುಗಡೆಯಾದವು. 1902ರ ಫೋಟೊ ಅಲ್ಲಿಯೂ ಎಂದೋ ಸಾರ್ವಜನಿಕ ಸ್ವತ್ತು.

ಹಾಗಾದರೆ ದುಡ್ಡು ಕೇಳುವುದು ಯಾವುದಕ್ಕೆ? ಸ್ಕ್ಯಾನ್ ಮಾಡಿದ ಫೈಲಿಗೆ. ಇದ್ದದ್ದನ್ನು ಇದ್ದಂತೆ ನಕಲು ಮಾಡಿದ ಮಾತ್ರಕ್ಕೆ ಹೊಸ ಕಾಪಿರೈಟ್ ಹುಟ್ಟುವುದಿಲ್ಲ ಎಂದು ಅಮೆರಿಕದ ನ್ಯಾಯಾಲಯ 1999ರ ಬ್ರಿಜ್‌ಮನ್ ಪ್ರಕರಣದಲ್ಲಿ ಹೇಳಿದೆ. ಯುರೋಪ್ ಒಕ್ಕೂಟದ 2019ರ ನಿರ್ದೇಶನದ 14ನೇ ವಿಧಿಯೂ ಅದನ್ನೇ ಹೇಳುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ 2007ರ ಈಸ್ಟರ್ನ್ ಬುಕ್ ಕಂಪನಿ ತೀರ್ಪಿನಲ್ಲಿ, ಬರೀ ದುಡಿಮೆ ಮತ್ತು ಖರ್ಚು ಸಾಲದು, ಕೊಂಚವಾದರೂ ಸೃಜನಶೀಲತೆ ಇರಬೇಕು ಎಂಬ ಅಳತೆಗೋಲು ಕೊಟ್ಟಿದೆ. ಸಪಾಟಾದ ಸ್ಕ್ಯಾನ್ ಆ ಅಳತೆಗೆ ನಿಲ್ಲುವುದು ಕಷ್ಟ.

ಆದರೂ ಶುಲ್ಕ ಕೇಳುವವರೆಲ್ಲ ಮೋಸಗಾರರಲ್ಲ. ಗಾಜಿನ ನೆಗೆಟಿವನ್ನು ಹೊರತೆಗೆದು ಸ್ಕ್ಯಾನ್ ಮಾಡುವುದು ಕೈಬಳಸುವ, ನಿಧಾನದ ಕೆಲಸ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ, ಅಂಚಿನ ಮೇಲೆ ನಿಲ್ಲಿಸಬೇಕು. ಗಾಳಿಯ ತೇವ 30ರಿಂದ 40 ಶೇಕಡದಲ್ಲಿ ಇರಬೇಕು. ತೇವ ಹೆಚ್ಚಾದರೆ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ, ತೀರ ಒಣಗಿದರೆ ಪದರ ಗಾಜಿನಿಂದ ಏಳುತ್ತದೆ. ಪ್ರತಿ ಸಲ ಹೊರತೆಗೆದಾಗಲೂ ಒಡೆಯುವ ಭಯ. ಈ ಖರ್ಚಿಗೆ ಸೇವಾಶುಲ್ಕ ಎಂದು ಹೇಳಿ ತೆಗೆದುಕೊಂಡರೆ ಅದು ನ್ಯಾಯ. ಅದನ್ನೇ ‘ಕಾಪಿರೈಟ್ ಪರವಾನಗಿ’ ಎಂದು ಬರೆದು ತೆಗೆದುಕೊಂಡರೆ ಓದುಗರನ್ನು ದಾರಿತಪ್ಪಿಸಿದಂತೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2016ರ ಜನವರಿಯಲ್ಲಿ, ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರ ಫೆಬ್ರುವರಿಯಲ್ಲಿ ಸಾರ್ವಜನಿಕ ಸ್ವತ್ತಾದ ಚಿತ್ರಗಳ ದೊಡ್ಡ ಫೈಲುಗಳನ್ನು ಷರತ್ತಿಲ್ಲದೆ ಬಿಟ್ಟುಕೊಟ್ಟವು. ಬೆಕೆಟ್ ತೆಗೆದ ಫುಲ್ಲರ್ ಫೋಟೊಗಳು ಮೆಟ್ರೊಪಾಲಿಟನ್ ಸಂಗ್ರಹದಲ್ಲೂ ಇವೆ.

ಬಣ್ಣ ಹಚ್ಚುವವರ ವಾದ

ಬಣ್ಣ ಹಚ್ಚುವುದನ್ನು ಬೆಂಬಲಿಸುವವರ ಮಾತು ಹಗುರವಾದದ್ದಲ್ಲ. ಕಪ್ಪು ಬಿಳುಪು ಕಂಡೊಡನೆ ಕಣ್ಣು ಹಾಯಿಸಿ ಹೋಗುವ ಹುಡುಗರು ಬಣ್ಣ ಕಂಡರೆ ನಿಲ್ಲುತ್ತಾರೆ, ಹೆಸರು ಹುಡುಕುತ್ತಾರೆ ಎಂಬುದು ಮೊದಲ ವಾದ. ಫೋಟೊಗೆ ಕೈಯಲ್ಲಿ ಬಣ್ಣ ಹಚ್ಚುವುದು ಹಳೆಯ ಸ್ಟುಡಿಯೊಗಳಲ್ಲಿ ರೂಢಿಯೇ ಆಗಿತ್ತು, ನಮ್ಮ ಊರುಗಳಲ್ಲೂ ಇತ್ತು ಎಂಬುದು ಎರಡನೆಯದು. ಎರಡೂ ನಿಜ.

ಆದರೆ ಸ್ಟುಡಿಯೊದ ಬಣ್ಣಗಾರ ಮುಂದೆ ಕೂತವರನ್ನು ಕಂಡಿರುತ್ತಿದ್ದ, ಇಲ್ಲವೇ ಸೀರೆ ಯಾವ ಬಣ್ಣ ಎಂದು ಕೇಳಿ ಬರೆದುಕೊಂಡಿರುತ್ತಿದ್ದ. ಸಾಫ್ಟ್‌ವೇರಿಗೆ ಕೇಳಲು ಯಾರೂ ಇಲ್ಲ. ಬೂದು ಛಾಯೆಯಿಂದ ಮೂಲ ಬಣ್ಣ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅಜ್ಜಿಯ ಹಣೆಯ ಕುಂಕುಮ ಕಪ್ಪು ಬೊಟ್ಟಿನಂತೆ ಕಾಣುವುದನ್ನು ಎಷ್ಟೋ ಜನ ನೋಡಿದ್ದಾರೆ. ಕೆಂಪನ್ನು ಕಪ್ಪಾಗಿಸುವುದು, ನೀಲಿಯನ್ನು ಬಿಳಿಚಾಗಿಸುವುದು ಆ ಕಾಲದ ಪ್ಲೇಟಿನ ಗುಣ. ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಇಂಥ ಆಕಾರಕ್ಕೆ ಸಾಮಾನ್ಯವಾಗಿ ಇಂಥ ಬಣ್ಣ ಇರುತ್ತದೆ ಎಂದು ತಾನು ಕಲಿತ ಲಕ್ಷಾಂತರ ಫೋಟೊಗಳಿಂದ ಊಹಿಸುವುದು.

ಫುಲ್ಲರ್ ವಿಷಯದಲ್ಲಿ ಈ ಊಹೆ ಎರಡೂ ಕಡೆಯಿಂದ ತಪ್ಪುತ್ತದೆ. ಬೆಕೆಟ್ ಫೋಟೊದ ಬಟ್ಟೆಗೆ ಕಿತ್ತಳೆ ಹಚ್ಚಿದರೆ, ಹಗಲಲ್ಲಿ ಬಿಳಿಯಾಗಿದ್ದ ರೇಷ್ಮೆಯನ್ನು ಬಣ್ಣದ ಬಟ್ಟೆ ಎಂದು ಹೇಳಿದಂತೆ. ರಂಗದ ಬೆಳಕನ್ನು ಮರುಸೃಷ್ಟಿಸಿದ್ದೇವೆ ಎಂದರೂ ನಿಲ್ಲುವುದಿಲ್ಲ, ಏಕೆಂದರೆ ಬಣ್ಣದ ಬೆಳಕು ಬಟ್ಟೆಯ ಮೇಲಷ್ಟೇ ಬಿದ್ದು ಪಕ್ಕದ ಹುಲ್ಲನ್ನು ಹಸಿರಾಗಿಯೇ ಬಿಡುವುದಿಲ್ಲ. ಬಣ್ಣ ಬದಲಾದ ಕ್ಷಣವೇ ಆಕೆಯ ಸೃಷ್ಟಿ. ಒಂದೇ ಬಣ್ಣದಲ್ಲಿ ನಿಲ್ಲಿಸಿದ ಬಟ್ಟೆ ಆಕೆ ಯಾವುದರಿಂದ ಬಿಡಿಸಿಕೊಂಡು ಬಂದರೋ ಅದೇ ಸಾಮಾನ್ಯ ಲಂಗ.

‘ಕುಣಿಸಿದ’ ತುಣುಕುಗಳಲ್ಲಿ ಹಾನಿ ಇನ್ನೂ ಹೆಚ್ಚು. ಫೋಟೊದಲ್ಲಿ ಕೋಲು ಬಟ್ಟೆಯೊಳಗೆ ಅಡಗಿದೆ. ಕಾಣದ ಕೋಲಿನ ಉದ್ದ, ತೂಕ, ಅದು ತಿರುಗುವ ದಿಕ್ಕು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಬಟ್ಟೆ ಗಾಳಿಗೆ ಹಾರಿದಂತೆ ಹಾರುತ್ತದೆ. ಫುಲ್ಲರ್ ಅವರ ಬಟ್ಟೆ ಗಾಳಿಗೆ ಹಾರಿದ್ದಲ್ಲ. ಹಾರಿಸಿದ್ದು ಆಕೆಯ ಭುಜ ಮತ್ತು ಬೆನ್ನು. ಆ ದುಡಿಮೆ ವಿಡಿಯೊದಲ್ಲಿ ಅಳಿಸಿಹೋಗುತ್ತದೆ.

ಕಾನೂನು ಇಲ್ಲಿ ಏನೆನ್ನುತ್ತದೆ? ಕಾಪಿರೈಟ್ ಮುಗಿದ ಮೇಲೂ ಲೇಖಕರ ನೈತಿಕ ಹಕ್ಕು ಎಂಬುದೊಂದಿದೆ. ಫ್ರಾನ್ಸಿನಲ್ಲಿ ಅದಕ್ಕೆ ಕೊನೆಯೇ ಇಲ್ಲ. ಅಮೆರಿಕದ ಚಿತ್ರ ನಿರ್ದೇಶಕ ಜಾನ್ ಹಸ್ಟನ್ ಅವರ ಕಪ್ಪು ಬಿಳುಪು ಸಿನಿಮಾಕ್ಕೆ ಬಣ್ಣ ಹಚ್ಚಿ ತೋರಿಸುವುದರ ವಿರುದ್ಧ ಅವರ ವಾರಸುದಾರರು ಹೂಡಿದ ದಾವೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ 1991ರಲ್ಲಿ ವಾರಸುದಾರರ ಪರವಾಗಿ ನಿಂತಿತು. ಭಾರತದ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ನಿನಲ್ಲೂ, ಲೇಖಕರ ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧದ ಹಕ್ಕಿಗೆ ಇದ್ದ ಅವಧಿಯ ಮಿತಿಯನ್ನು 2012ರಲ್ಲಿ ತೆಗೆಯಲಾಗಿದೆ. ಆದರೆ ಈ ಹಕ್ಕೂ ಫೋಟೊ ತೆಗೆದವರದೇ. ನರ್ತಕಿಯ ಪರವಾಗಿ ಕೇಳುವವರು ಯಾರೂ ಇಲ್ಲ.

ಬೆಂಗಳೂರಿನ ರಾಮ್ ಗೋಪಾಲ್ ಫೋಟೊಗಳು

ಇದಕ್ಕೆ ಒಂದು ಒಳ್ಳೆಯ ಮೇಲ್ಪಂಕ್ತಿ ನಮ್ಮವರೊಬ್ಬರ ಫೋಟೊಗಳಲ್ಲೇ ಇದೆ. ಬೆಂಗಳೂರಿನಲ್ಲಿ ಹುಟ್ಟಿ, ಕಥಕಳಿ ಮತ್ತು ಭರತನಾಟ್ಯ ಕಲಿತು, ಅಮೆರಿಕದ ನರ್ತಕಿ ಲಾ ಮೇರಿ ಅವರೊಂದಿಗೆ ಪ್ರವಾಸ ಹೋದ ರಾಮ್ ಗೋಪಾಲ್ ಅವರನ್ನು ಕಾರ್ಲ್ ವಾನ್ ವೆಕ್ಟನ್ 1938ರಲ್ಲಿ ಫೋಟೊ ತೆಗೆದರು. ಅವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಸಾರ್ವಜನಿಕ ಸ್ವತ್ತಾಗಿವೆ. ಆದರೂ ಗ್ರಂಥಾಲಯ ಒಂದು ಕೋರಿಕೆಯನ್ನು ಮುಂದಿಡುತ್ತದೆ: ಬಣ್ಣ ಹಚ್ಚಬೇಡಿ, ಅಂಚು ಕತ್ತರಿಸಬೇಡಿ, ತೆಗೆದವರ ಹೆಸರು ಹಾಕಿ. ಇದು ವಾನ್ ವೆಕ್ಟನ್ ಅವರ ವಾರಸುದಾರರ ಬೇಡಿಕೆ. ದುಡ್ಡು ಕೇಳಿಲ್ಲ, ಅನುಮತಿ ಬೇಕೆಂದಿಲ್ಲ. ಕೇಳಿದ್ದು ಫೋಟೊವನ್ನು ಫೋಟೊವಾಗಿಯೇ ಉಳಿಸಿ ಎಂದಷ್ಟೇ. ಉಳಿದ ಪತ್ರಾಗಾರಗಳೂ ಅನುಸರಿಸಬೇಕಾದ ದಾರಿ ಇದು ಎಂಬುದು ಈ ಲೇಖನದ ನಿಲುವು.

ಹೀಗೇ ಬಿಟ್ಟರೆ

ತಪ್ಪು ಹೆಸರಿನ ಪ್ರತಿಗಳ ಸಂಖ್ಯೆ ಮೂಲದ ಸಂಖ್ಯೆಯನ್ನು ದಾಟಿದಾಗ ಹುಡುಕಾಟದ ಯಂತ್ರಗಳು ತಪ್ಪನ್ನೇ ಮೊದಲು ತೋರಿಸುತ್ತವೆ. ಶಾಲೆಯ ಪಾಠ, ಪತ್ರಿಕೆಯ ಪುಟ, ನೃತ್ಯೋತ್ಸವದ ಆಹ್ವಾನಪತ್ರಿಕೆ ಅಲ್ಲಿಂದಲೇ ಚಿತ್ರ ಎತ್ತಿಕೊಳ್ಳುತ್ತವೆ. ಚಿತ್ರ ರಚಿಸುವ ಹೊಸ ಸಾಫ್ಟ್‌ವೇರುಗಳು ಕಲಿಯುವುದೂ ಅದೇ ರಾಶಿಯಿಂದ. ಹಚ್ಚಿದ ಬಣ್ಣ ಮುಂದಿನ ಊಹೆಗೆ ಆಧಾರವಾಗುತ್ತದೆ. ಆ್ಯನಬೆಲ್ ವಿಟ್‌ಫರ್ಡ್ ಅವರಂಥವರಿಗೂ ಇದರಲ್ಲಿ ನಷ್ಟ. ಕುಣಿದದ್ದು ತಾವು, ಹೆಸರು ಇನ್ನೊಬ್ಬರದು.

ಬಳಸುವವರು ಮಾಡಬಹುದಾದದ್ದು ಕಷ್ಟದ್ದಲ್ಲ. ಸಿಕ್ಕ ಚಿತ್ರವನ್ನು ಇಮೇಜ್ ಸರ್ಚಿಗೆ ಹಾಕಿ, ಅದನ್ನು ಇಟ್ಟುಕೊಂಡಿರುವ ಸಂಸ್ಥೆಯ ಪುಟದವರೆಗೆ ಹೋಗಬೇಕು. ಮಧ್ಯದ ಪುಟಗಳಲ್ಲಿ ನಿಲ್ಲಬಾರದು. ಫೈಲನ್ನು ಅಲ್ಲಿಂದಲೇ ಇಳಿಸಿಕೊಳ್ಳಬೇಕು, ಏಕೆಂದರೆ ಜಾಲತಾಣಗಳಿಗೆ ಏರಿಸಿದಾಗ ಫೈಲಿನೊಳಗೆ ಬರೆದಿಟ್ಟ ಹೆಸರು, ವರ್ಷ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಎ4 ಪುಟದ ತುಂಬ ಅಚ್ಚಾಗಬೇಕಾದರೆ 2480 x 3508 ಪಿಕ್ಸೆಲ್ ಇರಬೇಕು. ಫೋಟೊ ಅಂಟಿಸಿದ ರಟ್ಟಿನ ಅಂಚನ್ನು ಕತ್ತರಿಸಬಾರದು. ಸ್ಟುಡಿಯೊದ ಹೆಸರು, ಮುದ್ರೆ ಇರುವುದು ಅಲ್ಲೇ. ನೆಗೆಟಿವನ್ನು ತಿರುವಿ ಹಾಕಿ ಸ್ಕ್ಯಾನ್ ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ, ಆಗ ಎಡಗೈ ಎತ್ತಿದ ಭಂಗಿ ಬಲಗೈಯದಾಗುತ್ತದೆ. ಅದೇ ಸರಣಿಯ ಇನ್ನೊಂದು ಫೋಟೊದ ಪಕ್ಕ ಇಟ್ಟು ಹಿನ್ನೆಲೆ ಹೋಲಿಸಿದರೆ ಇದು ಗೊತ್ತಾಗುತ್ತದೆ.

ವ್ಯಕ್ತಿಯ ಗುರುತಿಗೆ ವಯಸ್ಸು ಒಂದು ಸುಳಿವು. 1897ರಲ್ಲಿ ಫುಲ್ಲರ್ 35ರ ಹೆಂಗಸು, ಮೈಕಟ್ಟು ತುಂಬಿಕೊಂಡವರು. ವಿಟ್‌ಫರ್ಡ್ ಆಗಿನ್ನೂ ಇಪ್ಪತ್ತರೊಳಗಿನ ಹುಡುಗಿ. ಬಟ್ಟೆಯ ಅಳತೆ ಮತ್ತೊಂದು ಸುಳಿವು: ಕಾಲು ಪೂರ್ತಿ ಕಾಣುವಷ್ಟು ಚಿಕ್ಕ ಲಂಗವಿದ್ದರೆ ಅನುಮಾನಿಸಬೇಕು.

ಕೊನೆಗೆ ಅಡಿಬರಹ. ಬೆಕೆಟ್ ಫೋಟೊಗೆ ಹೀಗೆ ಬರೆದರೆ ಸಾಕು: ‘ಲೋಯಿ ಫುಲ್ಲರ್, ಸುಮಾರು 1900. ಫೋಟೊ: ಸ್ಯಾಮ್ಯುಯೆಲ್ ಜೋಶುವಾ ಬೆಕೆಟ್. ಹೊರಾಂಗಣದಲ್ಲಿ ತೆಗೆದದ್ದು. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ, ನ್ಯೂಯಾರ್ಕ್.’ ಬಣ್ಣ ಹಚ್ಚಿದ ಪ್ರತಿಯನ್ನೇ ಹಾಕಲೇಬೇಕೆಂದಿದ್ದರೆ ಮೂಲವನ್ನೂ ಪಕ್ಕದಲ್ಲಿ ಅದೇ ಅಳತೆಯಲ್ಲಿ ಹಾಕಿ, ಇನ್ನೊಂದು ಸಾಲು ಸೇರಿಸಬೇಕು: ‘ಬಣ್ಣ ಸಾಫ್ಟ್‌ವೇರಿನ ಊಹೆ, ಬಟ್ಟೆ ಬಿಳಿಯದಾಗಿತ್ತು.’